ಬೀಪ್ ನಿಲ್ಲಲಿ, ಸೈರನ್ ಉಳಿಯಲಿ

ಊರಿಗೊಂದು ಕಾರಿದ್ದ ಕಾಲ ಹೋಯಿತು. ಈಗ ಬೀದಿಗೆ ಎರಡು ಮೂರು ಇವೆ, ಅದರಲ್ಲೂ ಬಾಡಿಗೆಗೆ ಓಡುವವು ಜಾಸ್ತಿ. ಏರ್‌ಪೋರ್ಟ್‌ಗೆ ಜನರನ್ನು ಬಿಟ್ಟು ರಾತ್ರಿ 2 ಗಂಟೆಗೆ ಬರುವ ಡ್ರೈವರ್ ರಿಮೋಟ್ ಒತ್ತಿದರೆ ಇಡೀ ಬೀದಿಗೆ 'ಬೀಪ್' ಕೇಳುತ್ತದೆ. ಒಳಗೆ ಮೊಬೈಲ್ ಮರೆತಿದ್ದರೆ ಇನ್ನೆರಡು ಸಲ. ನಾಯಿಗಳು ಬೊಗಳುತ್ತವೆ, ತೊಟ್ಟಿಲ ಮಗು ಏಳುತ್ತದೆ, ಪಕ್ಕದ ಮನೆ ಅಜ್ಜಿಗೆ ಮತ್ತೆ ನಿದ್ದೆ ಹತ್ತುವುದಿಲ್ಲ. ಆದರೂ ಯಾರೂ ಬಾಯಿ ಬಿಡುವುದಿಲ್ಲ. ನಾಳೆ ಆಸ್ಪತ್ರೆಗೆ ಹೋಗಲು ಅದೇ ಗಾಡಿ ಬೇಕಲ್ಲ!

ಈ ಬೀಪ್ ಯಾರಿಗೂ ಬೇಕಿಲ್ಲ. ಲಾಕ್ ಆಯಿತೆಂದು ತಿಳಿಸಲು ಇಂಡಿಕೇಟರ್ ಮಿನುಗಿದರೆ ಸಾಕು.

ಕೆಲವರು ಇದನ್ನು ನಿಲ್ಲಿಸಲು ರಿಮೋಟ್ ಬಿಚ್ಚಿ ಕೂರುತ್ತಾರೆ. ಅದು ದಂಡದ ಕೆಲಸ. ರಿಮೋಟ್ ಕಳಿಸುವುದು ರೇಡಿಯೋ ಸಿಗ್ನಲ್ ಮಾತ್ರ. ಅದನ್ನು ಹಿಡಿಯುವುದು ಸಾಮಾನ್ಯವಾಗಿ ಡ್ಯಾಶ್‌ಬೋರ್ಡ್ ಒಳಗಿನ ಪೆಟ್ಟಿಗೆ, ಕೂಗುವುದು ಬಾನೆಟ್ ಒಳಗಿನ ಸೈರನ್. ರಿಮೋಟೇ ಸದ್ದು ಮಾಡುವ ಮಾದರಿಗಳಲ್ಲಿ ಮಾತ್ರ ಅದರೊಳಗೆ ಪುಟ್ಟ ಬಜರ್ ಇರುತ್ತದೆ.

ಇನ್ನು ಕೆಲವರು ಸೈರನ್ ವೈರನ್ನೇ ಕತ್ತರಿಸುತ್ತಾರೆ. ಇದನ್ನಂತೂ ಮಾಡಲೇಬೇಡಿ. ಬೀಪ್ ಜೊತೆಗೆ ಕಳ್ಳ ಬಂದಾಗ ಕೂಗಬೇಕಾದ ಸದ್ದೂ ಹೋಗುತ್ತದೆ. ಸಾಲ ಮಾಡಿ ತಂದ ಗಾಡಿಗೆ ಕಾವಲೇ ಇಲ್ಲದಂತಾಗುತ್ತದೆ. ಎಲ್ಲೆಂದರಲ್ಲಿ ವೈರ್ ಕತ್ತರಿಸಿದರೆ ವಾರಂಟಿಗೂ ತಕರಾರು ಬರಬಹುದು.

ಸರಿಯಾದ ದಾರಿ ಸುಲಭವಿದೆ. ಹೊರಗೆ ಹಾಕಿಸಿದ ಎಷ್ಟೋ ಅಲಾರಂಗಳ ರಿಮೋಟಿನಲ್ಲಿ ಸದ್ದಿಲ್ಲದೆ ಲಾಕ್ ಮಾಡುವ ಗುಂಡಿ ಇರುತ್ತದೆ. ಅದರ ಮೇಲೆ ಗೆರೆ ಹೊಡೆದ ಗಂಟೆ ಅಥವಾ ಸ್ಪೀಕರ್ ಚಿತ್ರ ಇರಬಹುದು. ಕೆಲವಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತಬೇಕು. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ. ಪುಸ್ತಕ ಕಳೆದಿದ್ದರೆ ಹಾಕಿಕೊಟ್ಟ ಅಂಗಡಿಯವರನ್ನೇ ಕೇಳಿ. ಕಂಪನಿಯಿಂದಲೇ ಬಂದ ಅಲಾರಂ ಆದರೆ ಸರ್ವೀಸಿಗೆ ಬಿಟ್ಟಾಗ ವಿಚಾರಿಸಿ.

ಹಾಗೇ ಶಾಕ್ ಸೆನ್ಸಾರನ್ನೂ ನೋಡಿಸಿ. ಅದು ಅತಿ ಸೂಕ್ಷ್ಮವಾಗಿದ್ದರೆ ಗುಡುಗಿಗೂ, ಜಲ್ಲಿ ಲಾರಿ ಹೋದರೂ, ಬಾನೆಟ್ ಮೇಲೆ ಬೆಕ್ಕು ಹಾರಿದರೂ ಗಾಡಿ ಅರಚುತ್ತದೆ. ಹೆಚ್ಚಿನವುಗಳಲ್ಲಿ ತಿರುಪಿ ಕಡಿಮೆ ಮಾಡಬಹುದು. ಇಲ್ಲದಿದ್ದರೆ 'ತೋಳ ಬಂತು ತೋಳ' ಕತೆಯೇ. ದಿನಾ ಸುಮ್ಮನೆ ಕೂಗುವ ಗಾಡಿ ನಿಜವಾಗಿ ಕೂಗಿದ ರಾತ್ರಿ ನೆರೆಯವರು ಮಗ್ಗುಲು ಬದಲಿಸಿ ಮಲಗುತ್ತಾರೆ. ಬೀದಿಯ ಜನ ಎದ್ದು ಬಂದರೆ ಮಾತ್ರ ಸೈರನ್ನಿಗೆ ಬೆಲೆ.

2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಹಾಕಿವೆ. ಒಂದು ಬೀಪ್‌ಗೆ ಪೊಲೀಸರನ್ನು ಕರೆಯಿರಿ ಎನ್ನುತ್ತಿಲ್ಲ. ಅಂಗಡಿಯವರು ಅಲಾರಂ ಹಾಕಿಕೊಡುವಾಗಲೇ ಸದ್ದಿಲ್ಲದ ಗುಂಡಿ ತೋರಿಸಿಕೊಡಲಿ. ಗಾಡಿ ಇರುವವರು ಇವತ್ತೇ ಒಮ್ಮೆ ರಿಮೋಟ್ ತಿರುಗಿಸಿ ನೋಡಲಿ. ಕಾಸು ಖರ್ಚಿಲ್ಲದೆ ಬೀದಿಯವರೆಲ್ಲ ನೆಮ್ಮದಿಯಾಗಿ ಮಲಗಬಹುದು.