ಆಟಕ್ಕೆ ಸರಿ, ಅಕ್ಷರಕ್ಕೇಕೆ?

ಮ್ಯಾಕ್‌ನಲ್ಲಿ ಪ್ಯಾರಲಲ್ಸ್ ಹಾಕಿ, ಅದರೊಳಗೆ ವಿಂಡೋಸ್ ಕೂರಿಸಿ ಆಟ ಆಡುವವರನ್ನು ಕಂಡು ನಗುವವರಿದ್ದಾರೆ. ನಾನು ನಗುವುದಿಲ್ಲ. ಆಟ ಕೇಳುವುದು ಡೈರೆಕ್ಟ್‌ಎಕ್ಸ್, ಮ್ಯಾಕ್‌ಗೆ ತಿಳಿದಿರುವುದು ಮೆಟಲ್. ನಡುವೆ ದುಭಾಷಿ ಬೇಕೇ ಬೇಕು. (ತೆಲುಗು, ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ನಮ್ಮ ದಿಬ್ಬೂರಹಳ್ಳಿ ಕಡೆಯವರಿಗೆ ದುಭಾಷಿಯೆಂದರೆ ತಮಾಷೆ, ಆ ಮಾತು ಬೇರೆ.)

ನನ್ನ ಸಿಟ್ಟು ಇನ್ನೊಂದರ ಮೇಲೆ. ಇದೇ ಸರ್ಕಸ್ಸನ್ನು ನಾನು ಒಂದು ಕನ್ನಡ ಕಥೆ ಕಳಿಸಲು ಮಾಡಬೇಕಾಗಿದೆ. ‘ಯುನಿಕೋಡ್ ಬೇಡ, ನುಡಿಯಲ್ಲೇ ಕಳಿಸಿ’ ಎನ್ನುತ್ತಾರೆ ಸಂಪಾದಕರೊಬ್ಬರು. ಅವರು ಕೇಳುವ ಆಸ್ಕಿ ನುಡಿಯೆಂದರೆ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳು ಬಾಡಿಗೆಗೆ ಇದ್ದಂತೆ. ಫಾಂಟ್ ತೆಗೆದರೆ ಉಳಿಯುವುದು ಕಸ. ಅದರಲ್ಲಿ ‘ಅಮ್ಮ’ ಎಂದು ಹುಡುಕಿದರೆ ಅಮ್ಮ ಸಿಗುವುದಿಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಮನೆ 1991ರಲ್ಲೇ ಆಗಿದೆ. ಮ್ಯಾಕ್‌ನಲ್ಲಿ ಕನ್ನಡ ಕೀಲಿಮಣೆಯಿದೆ. ನುಡಿ ತಂತ್ರಾಂಶವೇ ಯುನಿಕೋಡ್ ಕಲಿತು ವರ್ಷಗಳಾದವು. ಕಲಿಯದಿರುವುದು ಪುಟ ಕಟ್ಟುವ ಮೇಜು. ಯುನಿಕೋಡ್ ಅರಿಯದ, 2001ರ ಪೇಜ್‌ಮೇಕರ್ 7ಅನ್ನು ಬಿಡಲಾರದವರ ಸೋಮಾರಿತನಕ್ಕೆ ಬರೆಯುವವರು ಯಾಕೆ ದುಡ್ಡು ತೆರಬೇಕು? ಆಟಕ್ಕಾದರೆ ಶೋಕಿ ಎನ್ನಬಹುದು.

ಮುಂದಿನ ಕಥೆಯನ್ನು ಯುನಿಕೋಡ್‌ನಲ್ಲೇ ಕಳಿಸುತ್ತೇನೆ. ಪರಿವರ್ತಕ ಅವರ ಮೇಜಿನ ಮೇಲಿರಲಿ.