ನಯವೂ ನಿಜವೂ

ಗಜೇಂದ್ರಗಡದ ಕೈಮಗ್ಗದ ಸೀರೆಯಲ್ಲಿ ಹೊಕ್ಕಿನ ಪ್ರತಿಯೊಂದು ಎಳೆಯೂ ನೇಕಾರನ ಕೈಯಿಂದ ಬಂದುದೇ. ಗಣಕಯಂತ್ರದ ಆಟಗಳಲ್ಲಿಯೂ ಚಿತ್ರಗಳು ಒಂದರ ಹಿಂದೊಂದು ಸಾಗಿ ಚಲನೆಯಾಗಿ ತೋರುತ್ತವೆ. ಆದರೆ ಅವೆಲ್ಲವೂ ಈಗ ಆಟವೇ ರಚಿಸಿದವಲ್ಲ. 2022ರಲ್ಲಿ ಎನ್‌ವಿಡಿಯಾ ಸಂಸ್ಥೆಯು ತನ್ನ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಹೊಸ ವಿಧಾನವೊಂದನ್ನು ತಂದಿತು. ಎರಡು ನಿಜಚಿತ್ರಗಳನ್ನು ಹೋಲಿಸಿ, ನಡುವೆ ಊಹೆಯ ಚಿತ್ರವೊಂದನ್ನು ಸೇರಿಸುವುದೇ ಆ ವಿಧಾನ. ಆಗ ಸೆಕೆಂಡಿಗೆ 30 ಚಿತ್ರಗಳು 60 ಆಗಿ ತೋರುತ್ತವೆ; ಚಲನೆ ನಯವಾಗುತ್ತದೆ. ಆದರೆ ಆಟಗಾರನ ಬೆರಳಿಗೆ ಓಗೊಡುವವು ಆ 30 ನಿಜಚಿತ್ರಗಳು ಮಾತ್ರ. ಈ ವಿಧಾನವನ್ನು ಹಳಿಯಬೇಕಾಗಿಲ್ಲ. ಕಣ್ಣಿಗೆ ಅದು ಹಿತವೇ. ಆದರೂ ಮಾರುವವನು ದೊಡ್ಡ ಸಂಖ್ಯೆಯನ್ನು ಮುಂದಿಟ್ಟಾಗ, ಅದರಲ್ಲಿ ನಿಜಚಿತ್ರಗಳೆಷ್ಟು, ಊಹೆಯವೆಷ್ಟು ಎಂದು ಕೇಳುವುದೇ ವಿವೇಕ. ಸೀರೆ ಕೊಳ್ಳುವಾಗ ರೋಣ, ನರಗುಂದಗಳ ಹಿರಿಯರು ಸೆರಗಿನ ಹೊಳಪಿಗೆ ಮರುಳಾಗದೆ ನೂಲನ್ನು ಮುಟ್ಟಿ ನೋಡುವರಲ್ಲವೆ?