ಸೂತಕ ಬಿಟ್ಟೆವು, ಮುಚ್ಚಿಡುವುದನ್ನು ಬಿಟ್ಟೆವೇ?

ಪಂಚಸೂತಕಗಳನ್ನು ನಾವು ಒಪ್ಪುವುದಿಲ್ಲವೆಂದು ವೇದಿಕೆ ಸಿಕ್ಕಾಗಲೆಲ್ಲ ಹೇಳುತ್ತೇವೆ. ರಜಸ್ಸೂತಕವನ್ನಂತೂ ಶರಣರು ಹನ್ನೆರಡನೆಯ ಶತಮಾನದಲ್ಲೇ ಕಿತ್ತೆಸೆದರು ಎಂದು ಹೆಮ್ಮೆಪಡುತ್ತೇವೆ. ಹಾಗಿದ್ದರೆ ಮುಟ್ಟು ನಿಂತು ಐದಾರು ವರ್ಷವಾದ ತಾಯಿ, ಮತ್ತೆ ರಕ್ತ ಕಂಡಾಗ, ಯಾರಿಗೂ ಹೇಳದೆ ಬಟ್ಟೆ ಒಗೆದು ಹಾಕುವುದೇಕೆ? ಹೇಳಿದರೂ 'ಉಷ್ಣ ಆಗಿರಬೇಕು' ಎಂದು ಮನೆಯವರು ಸುಮ್ಮನಾಗಿಸುವುದೇಕೆ?

ಗರ್ಭಕೊರಳಿನ ಕ್ಯಾನ್ಸರ್ ಈ ಮೌನದಲ್ಲೇ ಬೆಳೆಯುತ್ತದೆ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 1,27,000 ಹೆಣ್ಣುಮಕ್ಕಳಿಗೆ ಇದು ಬಂತು. ಸುಮಾರು 80,000 ಮಂದಿ ಸತ್ತರು. ಭಾಗಿಸಿ ನೋಡಿ, ಏಳು ನಿಮಿಷ ತುಂಬುವ ಮೊದಲೇ ಒಬ್ಬರು. ರೋಗ ಪತ್ತೆಯಾದ ಮೇಲೆ ಐದು ವರ್ಷ ಬದುಕುವವರು ಹೆಚ್ಚುಕಡಿಮೆ ಅರ್ಧದಷ್ಟು ಜನ. ಚಿಕಿತ್ಸೆ ಇಲ್ಲವೆಂದಲ್ಲ, ಆಸ್ಪತ್ರೆಗೆ ಬರುವಷ್ಟರಲ್ಲಿ ತಡವಾಗಿರುತ್ತದೆ.

ನಾನು ವೈದ್ಯನಲ್ಲ. ಕೆರೆ ಏರಿಗಳನ್ನು ನೋಡಿಕೊಂಡಿದ್ದ ಎಂಜಿನಿಯರು. ಏರಿ ಒಡೆಯುವ ಮುಂಚೆ ಹಿಂಬದಿಯಲ್ಲಿ ತೇವ ಕಾಣುತ್ತದೆ, ಆಮೇಲೆ ನೀರು ಒಸರುತ್ತದೆ. ತೇವ ಕಂಡಾಗಲೇ ಹೋದರೆ ಮರಳು, ಜಲ್ಲಿಯಲ್ಲಿ ಕೆಲಸ ಮುಗಿಯುತ್ತದೆ. ಈ ರೋಗವೂ ಹಾಗೆಯೇ. ಎಚ್‌ಪಿವಿ ಎಂಬ ವೈರಸ್ ಹೊಕ್ಕು ಉಳಿದುಕೊಂಡ ಮೇಲೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಇಷ್ಟು ಕಾಲಾವಕಾಶ ಸಿಕ್ಕರೂ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ ಈ ತಪಾಸಣೆ ಇದೆ. ಸರ್ಕಾರಿ ಕಾಗದದ ಮೇಲೆ ಏನೆಲ್ಲ ಇರುತ್ತದೆಂಬುದು, ಆ ಕಾಗದಗಳ ನಡುವೆಯೇ ಕೂದಲು ನರೆತ ನನಗೆ ಗೊತ್ತು.

ಹಳ್ಳಿಯಲ್ಲಿ ಇದೆಲ್ಲ ಆಗದ ಮಾತು ಎನ್ನುವವರು ಬಸವಕಲ್ಯಾಣದ ಗಡಿಯಾಚೆಗಿನ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯನ್ನು ನೋಡಲಿ. ಅಲ್ಲಿ 1999ರಲ್ಲಿ ಆರಂಭವಾದ ಅಧ್ಯಯನದಲ್ಲಿ 1,31,000ಕ್ಕೂ ಹೆಚ್ಚು ಹಳ್ಳಿಯ ಹೆಣ್ಣುಮಕ್ಕಳಿದ್ದರು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಗೆ ಕರೆದು, ದೋಷ ಕಂಡವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಎಂಟು ವರ್ಷಗಳಲ್ಲಿ ಈ ರೋಗದಿಂದ ಸತ್ತವರು 34. ಪರೀಕ್ಷೆಗೆ ಕರೆಯದ, ಹೆಚ್ಚುಕಡಿಮೆ ಅಷ್ಟೇ ದೊಡ್ಡ ಗುಂಪಿನಲ್ಲಿ 64. (ಅವರನ್ನು ಹಾಗೆಯೇ ಬಿಟ್ಟದ್ದು ನ್ಯಾಯವೇ ಎಂಬ ಜಗಳ ಆಮೇಲೆ ಎದ್ದಿತು, ಏಳಬೇಕಾದದ್ದೇ.) ಮುಂಬೈಯ ಕೊಳೆಗೇರಿಗಳಲ್ಲಿ ಹತ್ತನೇ ತರಗತಿಯವರೆಗೆ ಓದಿದ ಹೆಣ್ಣುಮಕ್ಕಳೇ ತರಬೇತಿ ಪಡೆದು, ವಿನೆಗರ್‌ನಂಥ ದ್ರಾವಣ ಹಚ್ಚಿ ಪರೀಕ್ಷಿಸಿದರು. ಸಾವು ಶೇ. 31ರಷ್ಟು ಇಳಿಯಿತು.

'ಮಠದಲ್ಲಿ ಇಂಥ ಮಾತೇ?' ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಮಠದಲ್ಲಲ್ಲದೆ ಇನ್ನೆಲ್ಲಿ? ನಮ್ಮ ಅಕ್ಕಂದಿರು ಬಾಯಿಬಿಡದಿರಲು ಇನ್ನೊಂದು ಕಾರಣವಿದೆ. ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆಂದು ಕೇಳಿದ ಕೂಡಲೇ ಜನ ಹೆಣ್ಣಿನ ನಡತೆ ಅಳೆಯಲು ನಿಲ್ಲುತ್ತಾರೆ. ಗಂಡನೊಬ್ಬನನ್ನೇ ಬಲ್ಲ ಹೆಣ್ಣಿಗೂ ಇದು ಬರುತ್ತದೆ. ಹಾಗಾದರೆ ಎಲ್ಲಿಂದ ಬಂತು ಎಂದು ಗಂಡಸರನ್ನು ಯಾರೂ ಕೇಳುವುದಿಲ್ಲ.

ಅಡ್ಡಪಲ್ಲಕ್ಕಿಗೆ, ಪಟಾಕಿಗೆ ಚಂದಾ ಎತ್ತಲು ಬರುವ ನಮಗೆ ಇದಕ್ಕೆ ಹಣವಿಲ್ಲವೆಂದರೆ ನಂಬುವವರಾರು? ಮಠಗಳ ಆಶ್ರಯದಲ್ಲಿ ಶಾಲೆಗಳಿವೆ, ವೈದ್ಯಕೀಯ ಕಾಲೇಜುಗಳೂ ಇವೆ. ನಮ್ಮ ಶಾಲೆಗಳ 9ರಿಂದ 14 ವಯಸ್ಸಿನ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿ. ನಮ್ಮ ದೇಶದಲ್ಲೇ ತಯಾರಾಗುವ ಲಸಿಕೆ ಈಗ ಸಿಗುತ್ತದೆ. ಈ ವರ್ಷದ ಜಾತ್ರೆಯಲ್ಲಿ ದಾಸೋಹ ಮಂಟಪದ ಪಕ್ಕದಲ್ಲೇ, ಮಹಿಳಾ ವೈದ್ಯರಿರುವ, ಪರದೆ ಕಟ್ಟಿದ ತಪಾಸಣಾ ಕೊಠಡಿ ಇರಲಿ. ಅದು ಯಾವ ರೋಗದ ತಪಾಸಣೆಯೆಂದು ಪೂಜ್ಯರೇ ವೇದಿಕೆಯಿಂದ ಹೆಸರು ಹಿಡಿದು ಹೇಳಲಿ. ಶಿಬಿರ ಮುಗಿಸಿ ಫೋಟೋ ತೆಗೆಸಿಕೊಂಡು ಹೋದರೆ ಪ್ರಯೋಜನವಿಲ್ಲ. ದೋಷ ಕಂಡವರ ಪಟ್ಟಿಯನ್ನು ಗುಟ್ಟಾಗಿಟ್ಟು, ಪ್ರತಿಯೊಬ್ಬರೂ ಚಿಕಿತ್ಸೆ ಮುಗಿಸುವವರೆಗೆ ಬೆನ್ನು ಹತ್ತಲು ಅಕ್ಕನ ಬಳಗದ ಇಬ್ಬರನ್ನು ನೇಮಿಸಿ. ಅವರು ಆಸ್ಪತ್ರೆಗೆ ಹೋಗಿಬರಲು ಮಠದ ಜೀಪು ಕೊಡಿ.